ಬಿಟ್‌ಗೆ ನಾವೇ ಸಾಣೆ ಹಿಡಿಯೋಣ

ಕುಡುಗೋಲು ಮೊಂಡಾದರೆ ನಾವು ಏನು ಮಾಡುತ್ತೇವೆ? ಕಲ್ಲಿಗೆ ನೀರು ಚಿಮುಕಿಸಿ ಮಸೆಯುತ್ತೇವೆ. ಈಳಿಗೆ ಮಣೆ ಮೊಂಡಾದರೆ? ಅದನ್ನೂ ಮಸೆಯುತ್ತೇವೆ. ಮಚ್ಚು, ಕೊಡಲಿ, ಕುರ್ಚಿಗೆ, ಯಾವುದನ್ನೂ ನಾವು ಮೊಂಡಾಯಿತು ಅಂತ ತಿಪ್ಪೆಗೆ ಎಸೆಯುವುದಿಲ್ಲ.

ಆದರೆ ಡ್ರಿಲ್ ಬಿಟ್ ಮೊಂಡಾದರೆ? ಎಸೆಯುತ್ತೇವೆ. ಇಲ್ಲವೇ ಪೇಟೆಗೆ ಕಳಿಸುತ್ತೇವೆ. ಬಸ್ಸಿನ ದುಡ್ಡು ಹೋಯಿತು. ಬಿಟ್ ವಾಪಸ್ ಬರುವ ತನಕ ಕೆಲಸ ನಿಂತಿತು. ಆ ದಿನದ ಕೂಲಿಯೂ ಹೋಯಿತು.

ಯಾಕೆ ಹೀಗೆ? ಕುಡುಗೋಲಿನ ಅಲಗು ಕಣ್ಣಿಗೆ ಕಾಣುತ್ತದೆ. ಬಿಟ್‌ನ ಅಲಗು ಬಲು ಚಿಕ್ಕದು. ಕಣ್ಣಿಗೆ ಸುಲಭವಾಗಿ ಕಾಣೋದಿಲ್ಲ. ಅಷ್ಟೇ ವ್ಯತ್ಯಾಸ. ಬಿಟ್ ಕೂಡ ಉಕ್ಕು, ಕುಡುಗೋಲೂ ಉಕ್ಕು. ಇದನ್ನೂ ಮಸೆಯಬಹುದು. ಅದಕ್ಕೆ ಬೇಕಾದ ಸಾಧನವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಒಂದು ಹಲಗೆ, ಒಂದು ಮರದ ತುಂಡು, ಒಂದು ಪಟ್ಟಿ, ಒಂದು ಮೊಳೆ, ಒಂದು ತಿರುಪು ಮೊಳೆ. ಇಷ್ಟು ಸಾಕು. ಜೊತೆಗೆ ಒಂದು ಸಾಣೆ ಚಕ್ರ ಬೇಕು.

ಇದು ಗಂಡಸರ ಕೆಲಸ ಅಲ್ಲವೇ ಅಂತ ಕೆಲವರು ಕೇಳುತ್ತಾರೆ. ಉತ್ತರ ಪ್ರದೇಶದಲ್ಲಿ ಬಾಂದಾ ಅಂತ ಒಂದು ಜಿಲ್ಲೆ ಇದೆ. ಅಲ್ಲಿ 1990ರ ದಶಕದಲ್ಲಿ ಮಹಿಳಾ ಸಮಖ್ಯಾ ಕಾರ್ಯಕ್ರಮದಲ್ಲಿ ಹಳ್ಳಿಯ ಹೆಂಗಸರು ಕೈಪಂಪು ರಿಪೇರಿ ಕಲಿತರು. ಪಾನೆ ಹಿಡಿದರು. ಬೋರಿನ ಪೈಪು ಎತ್ತಿದರು. ಅಷ್ಟು ದೂರ ಯಾಕೆ? ನಮ್ಮದೇ ಚನ್ನಪಟ್ಟಣ ನೋಡಿ. ಬೆಂಗಳೂರು ಮೈಸೂರು ದಾರಿಯಲ್ಲಿದೆ. ಅಲ್ಲಿ ಹೆಂಗಸರು ಲೇತಿನ ಮುಂದೆ ಕೂತು ಆಲೆ ಮರದ ಗೊಂಬೆ ಕಡೆಯುತ್ತಾರೆ. ಅರಗಿನ ಬಣ್ಣ ಹಚ್ಚುತ್ತಾರೆ. ಸರದ ಮಣಿ ಮಾಡುತ್ತಾರೆ. ಮಣಿ ಅಂದ ಮೇಲೆ ತೂತು ಬೇಡವೇ? ತೂತು ಅಂದ ಮೇಲೆ ಬಿಟ್ ಬೇಕು. ಬಿಟ್ ಮೊಂಡಾದರೆ ಮಣಿಯ ಅಂಚು ಕಿತ್ತು ಬರುತ್ತದೆ. ಮಣಿ ಹಾಳು.

ನಮ್ಮ ಮನೆಗಳಲ್ಲೂ ಈಗ ಡ್ರಿಲ್ ಬಂದಿದೆ. ಕೈಯಲ್ಲಿ ತಿರುಗಿಸುವುದು ಇದೆ. ಕರೆಂಟಿನದು ಇದೆ. ಬ್ಯಾಟರಿಯದು ಇದೆ. ಬಾಗಿಲ ಚಿಲಕಕ್ಕೆ, ಕೊಟ್ಟಿಗೆಯ ತಗಡಿಗೆ, ಮಗ್ಗದ ಪಟ್ಟಿಗೆ ನಾವೇ ತೂತು ಕೊರೆಯುತ್ತೇವೆ. ಹಾಗಾದರೆ ಸಾಣೆಯನ್ನೂ ನಾವೇ ಹಿಡಿಯೋಣ.

ಬಿಟ್ ಅಂದರೆ ಏನು?

ಹಳೇ ಕಾಲದಲ್ಲಿ ಬಡಗಿಗಳು ಬೈರಿಗೆ ಇಟ್ಟುಕೊಂಡಿದ್ದರು. ಹಗ್ಗ ಸುತ್ತಿ ಎಳೆಯುತ್ತಿದ್ದರು. ಮೊನೆ ಗರಗರ ತಿರುಗಿ ಮರ ಕೊರೆಯುತ್ತಿತ್ತು. ಆ ಮೊನೆ ಚಪ್ಪಟೆ. ಈಗಿನ ಬಿಟ್ ಹಾಗಲ್ಲ. ಅದು ತಿರುಚಿದ ಕಡ್ಡಿ. ಹೆರಳು ಹೆಣೆದ ಹಾಗೆ ಕಾಣುತ್ತದೆ. ಈ ತಿರುಚಿದ ಬಿಟ್‌ಗೆ ಅಮೆರಿಕದ ಸ್ಟೀಫನ್ ಮೋರ್ಸ್ ಎಂಬಾತ 1863ರಲ್ಲಿ ಹಕ್ಕುಪತ್ರ ಪಡೆದ. ಇಂದಿಗೂ ಅದೇ ಆಕಾರ.

ಒಂದು ಬಿಟ್ ಕೈಗೆ ತೆಗೆದುಕೊಳ್ಳಿ. ಬೆಳಕಿಗೆ ಹಿಡಿಯಿರಿ. ಮೈಯಲ್ಲಿ ಎರಡು ಕಾಲುವೆ ಸುತ್ತಿಕೊಂಡು ಬಂದಿವೆ. ಅವು ಹೊಟ್ಟು ಹೊರಗೆ ಬರುವ ದಾರಿ. ಹಿಂದೆ ನುಣುಪಾಗಿ ಇರುವುದು ಬುಡ. ಮುಂದೆ ಚೂಪಾಗಿ ಇರುವುದು ಮೊನೆ. ಮೊನೆಯಲ್ಲಿ ಎರಡು ಅಲಗು ಇವೆ. ಅವಕ್ಕೆ ತುಟಿ ಅಂತ ಹೆಸರು. ಪ್ರತಿ ತುಟಿಯ ಹಿಂದೆ ಸ್ವಲ್ಪ ಇಳಿಜಾರು ಇದೆ. ಆ ಇಳಿಜಾರಿನ ಕೊನೆಗೆ ಹಿಮ್ಮಡಿ ಅಂತ ಹೆಸರು. ತುಟಿ, ಹಿಮ್ಮಡಿ. ಎರಡೂ ನಮ್ಮ ಮೈಯ ಹೆಸರೇ. ನೆನಪಿಡುವುದು ಸುಲಭ.

ಕೊರೆಯುವುದು ತುಟಿ ಮಾತ್ರ. ಮಿಕ್ಕಿದ್ದೆಲ್ಲ ಅದಕ್ಕೆ ಆಸರೆ.

ಮೊಂಡಾದದ್ದು ಗೊತ್ತಾಗೋದು ಹೇಗೆ?

ಚೆನ್ನಾಗಿರುವ ಬಿಟ್ ಕಬ್ಬಿಣ ಕೊರೆಯುವಾಗ ಸುರುಳಿ ಸುರುಳಿಯಾಗಿ ಹೊಟ್ಟು ಬರುತ್ತದೆ. ಎರಡು ಕಾಲುವೆಯಿಂದಲೂ ಬರುತ್ತದೆ. ಮೊಂಡಾದ ಬಿಟ್‌ನಲ್ಲಿ ಸುರುಳಿ ಬರೋದಿಲ್ಲ, ಪುಡಿ ಬರುತ್ತದೆ. ಕಿರ್ ಅಂತ ಕಿರುಚುತ್ತದೆ. ಹೊಗೆ ಬರುತ್ತದೆ. ಮರವಾದರೆ ಸುಟ್ಟ ವಾಸನೆ, ತೂತಿನ ಒಳಗೆ ಕಪ್ಪು.

ಆಗ ನಾವು ಏನು ಮಾಡುತ್ತೇವೆ? ಇನ್ನೂ ಜೋರಾಗಿ ಒತ್ತುತ್ತೇವೆ. ಇದೇ ಅಪಾಯ. ಒತ್ತಿದ ಬಿಟ್ ಪಟ್ ಅಂತ ಮುರಿಯುತ್ತದೆ. ಮುರಿದ ಚೂರು ಮುಖಕ್ಕೆ ಹಾರಬಹುದು. ಡ್ರಿಲ್ ಜಾರಿ ಇನ್ನೊಂದು ಕೈಗೆ ನಾಟಬಹುದು. ಮೊಂಡು ಚಾಕು ಕೈ ಕೊಯ್ಯುತ್ತದೆ ಅಂತ ನಮಗೆ ಅಡಿಗೆ ಮನೆಯಲ್ಲೇ ಗೊತ್ತು. ಇಲ್ಲೂ ಅದೇ ಮಾತು.

ಮೂರು ವಿಷಯ ಸರಿ ಇರಬೇಕು

ಸಾಣೆ ಹಿಡಿಯೋದು ಅಂದರೆ ಸುಮ್ಮನೆ ಚೂಪು ಮಾಡೋದಲ್ಲ. ಎಷ್ಟೋ ಜನ ಬಿಟ್ಟನ್ನು ಪೆನ್ಸಿಲ್ ಹಾಗೆ ಚೂಪು ಮಾಡುತ್ತಾರೆ. ನೋಡಲು ಚೆಂದ. ಕೊರೆಯೋದು ಮಾತ್ರ ಇಲ್ಲ.

ಎರಡೂ ತುಟಿ ಒಂದೇ ಉದ್ದ ಇರಬೇಕು. ಒಂದು ಉದ್ದ, ಒಂದು ಗಿಡ್ಡ ಆದರೆ ಬಿಟ್ ಓಲಾಡುತ್ತದೆ. 6 ಮಿಲಿಮೀಟರ್ ಬಿಟ್ ಅದಕ್ಕಿಂತ ದೊಡ್ಡ ತೂತು ಮಾಡುತ್ತದೆ. ಆಗ ತಿರುಪು ಮೊಳೆ ತೂತಿನಲ್ಲಿ ನಿಲ್ಲೋದಿಲ್ಲ.

ಎರಡೂ ತುಟಿಯ ಓರೆ ಒಂದೇ ಇರಬೇಕು. ಎರಡು ತುಟಿ ಸೇರಿ ಮೊನೆಯಲ್ಲಿ ಒಂದು ಕೋನ ಆಗುತ್ತದೆ. ಸಾಮಾನ್ಯ ಬಿಟ್‌ಗೆ ಅದು 118 ಡಿಗ್ರಿ. ಮೂಲೆಮಟ್ಟದ ಮೂಲೆ 90 ಡಿಗ್ರಿ. ಅದಕ್ಕಿಂತ ಇದು ಅಗಲ. ಬಲು ಗಟ್ಟಿ ಉಕ್ಕು ಕೊರೆಯುವ ಕೆಲವು ಬಿಟ್‌ಗಳಿಗೆ 135 ಡಿಗ್ರಿ ಇರುತ್ತದೆ. ನಮ್ಮ ಮನೆ ಕೆಲಸಕ್ಕೆ 118 ಸಾಕು. ಕಬ್ಬಿಣಕ್ಕೂ ಆಗುತ್ತದೆ, ಮರಕ್ಕೂ ಆಗುತ್ತದೆ.

ಮೂರನೆಯದು ಹಿಮ್ಮಡಿ. ಹಿಮ್ಮಡಿ ತುಟಿಗಿಂತ ತಗ್ಗಿನಲ್ಲಿ ಇರಬೇಕು. ಇಲ್ಲದಿದ್ದರೆ ಹಿಮ್ಮಡಿಯೇ ಮೊದಲು ತಾಗುತ್ತದೆ. ತುಟಿಗೆ ಕಬ್ಬಿಣ ಸಿಗೋದೇ ಇಲ್ಲ. ಬಿಟ್ ಉಜ್ಜುತ್ತದೆ, ಬಿಸಿಯಾಗುತ್ತದೆ, ಕೊರೆಯೋದಿಲ್ಲ. ಹಾಗಂತ ಹಿಮ್ಮಡಿಯನ್ನು ಅತಿ ತಗ್ಗು ಮಾಡಿದರೆ ತುಟಿಯ ಹಿಂದೆ ಆಸರೆ ಇಲ್ಲ. ತುಟಿ ಚೂರಾಗುತ್ತದೆ. 10 ಡಿಗ್ರಿ ಇಳಿಜಾರು ಹದವಾದದ್ದು.

ಬರಿಗೈಯಲ್ಲಿ ಹಿಡಿದು ಈ ಮೂರನ್ನೂ ಸರಿ ಮಾಡೋರು ಇದ್ದಾರೆ. ಅವರದು ಹತ್ತಾರು ವರ್ಷದ ಕೈ. ನಮಗೆ ಆ ಪಳಗಿದ ಕೈ ಬರುವ ತನಕ ಕಾಯುವುದು ಬೇಡ. ಮರದ ಸಾಧನವೇ ಕೋನ ಹಿಡಿದುಕೊಳ್ಳುತ್ತದೆ. ನಾವು ತಳ್ಳಿದರೆ ಸಾಕು.

ಅಳೆಯಲು ಎರಡು ನಟ್ಟು

118 ಡಿಗ್ರಿ ಅಳೆಯಲು ಪೇಟೆಯಲ್ಲಿ ಅಳತೆಪಟ್ಟಿ ಸಿಗುತ್ತದೆ. ಅದಿಲ್ಲದೆಯೂ ಆಗುತ್ತದೆ. ಒಂದೇ ಅಳತೆಯ ಎರಡು ನಟ್ಟು ತನ್ನಿ. ಆರು ಮೂಲೆಯ ನಟ್ಟು. ಎರಡನ್ನೂ ಮೇಜಿನ ಮೇಲೆ ಇಡಿ. ಒಂದರ ಚಪ್ಪಟೆ ಬದಿಗೆ ಇನ್ನೊಂದರ ಚಪ್ಪಟೆ ಬದಿ ಸರಿಯಾಗಿ ಅಂಟಿಸಿ. ಈಗ ಎರಡರ ನಡುವೆ ಒಂದು ಕಣಿವೆ ಕಾಣುತ್ತದೆ. ಆ ಕಣಿವೆಯ ಕೋನ 120 ಡಿಗ್ರಿ.

ಜೇನುಗೂಡು ನೋಡಿದ್ದೀರಲ್ಲ? ಅಲ್ಲೂ ಆರು ಮೂಲೆಯ ಮನೆಗಳು. ಮೂರು ಮನೆ ಸೇರುವ ಕಡೆ ಮೂರೂ ಕೋನ 120. ನಟ್ಟಿನಲ್ಲೂ ಅದೇ ಲೆಕ್ಕ. ಎರಡು ನಟ್ಟು ಇಟ್ಟಿದ್ದೇವೆ. ಮೂರನೆಯ ಮನೆ ಖಾಲಿ. ಆ ಖಾಲಿ ಜಾಗಕ್ಕೆ ಬಿಟ್‌ನ ಮೊನೆ ಇಟ್ಟು ನೋಡಿ. ಎರಡೂ ತುಟಿ ನಟ್ಟಿಗೆ ಕೂತರೆ ಕೋನ ಸರಿ. 118ಕ್ಕೂ 120ಕ್ಕೂ ಇರುವ ವ್ಯತ್ಯಾಸ ನಮ್ಮ ಕೆಲಸಕ್ಕೆ ಲೆಕ್ಕಕ್ಕಿಲ್ಲ. ಎರಡು ಕಡೆ ಸಮ ಇರೋದು ಅದಕ್ಕಿಂತ ದೊಡ್ಡದು.

ಮರದ ತುಂಡು ಮಾಡುವುದು

ಗಟ್ಟಿ ಮರ ಬೇಕು. ಸಾಗುವಾನಿ, ಹೊನ್ನೆ, ಜಾಲಿ, ಯಾವುದಾದರೂ ಸರಿ. 5 ಸೆಂಟಿಮೀಟರ್ ಉದ್ದ, 4 ಸೆಂಟಿಮೀಟರ್ ಅಗಲ, 4 ಸೆಂಟಿಮೀಟರ್ ಎತ್ತರ. ಮೊದಲಿಗೆ ಇದಕ್ಕಿಂತ ಚೂರು ದೊಡ್ಡದಾಗಿ ಕೊಯ್ದುಕೊಳ್ಳಿ. ಯಾಕೆ ಅಂತ ಮುಂದೆ ಹೇಳುತ್ತೇವೆ. ಎರಡು ತುದಿಯನ್ನೂ ಮೂಲೆಮಟ್ಟ ಇಟ್ಟು ನೇರ ಮಾಡಿ.

ತುದಿಯ ಮೇಲೆ ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆಯಿರಿ. ಅವು ಕೂಡುವ ಚುಕ್ಕಿಯೇ ನಡು. ಆ ಚುಕ್ಕಿಯಿಂದ ಉದ್ದಕ್ಕೆ ಆರುಪಾರು ತೂತು ಕೊರೆಯಿರಿ. ಯಾವ ಬಿಟ್‌ಗೆ ಸಾಣೆ ಹಿಡಿಯಬೇಕೋ ಅದೇ ಅಳತೆಯ ಬಿಟ್‌ನಿಂದ ಕೊರೆಯಿರಿ. ಆಗ ಬಿಟ್ ಅದರಲ್ಲಿ ಬಿಗಿಯಾಗಿ ಕೂರುತ್ತದೆ. 6 ಮಿಲಿಮೀಟರಿಗೆ ಒಂದು ತುಂಡು, 8ಕ್ಕೆ ಒಂದು, 10ಕ್ಕೆ ಒಂದು. ತುಂಡಿನ ಮೇಲೆ ಅಳತೆ ಬರೆದಿಡಿ. 3 ಮಿಲಿಮೀಟರಿಗಿಂತ ಸಣ್ಣ ಬಿಟ್‌ಗೆ ಈ ಕಷ್ಟ ಬೇಡ ಅಂತ ನಮ್ಮ ಅಭಿಪ್ರಾಯ. ಅದು ಅಗ್ಗ. ಕಣ್ಣಿಗೂ ತ್ರಾಸ.

ಕೈಯಲ್ಲಿ ಕೊರೆದ ತೂತು ಸ್ವಲ್ಪ ವಾಲಿಯೇ ಇರುತ್ತದೆ. ಬಡಗಿ ಕೊರೆದರೂ ವಾಲುತ್ತದೆ. ಅದಕ್ಕೇ ಮೊದಲು ತೂತು, ಆಮೇಲೆ ಬದಿ. ತೂತಿಗೆ ಬಿಟ್ ತೂರಿಸಿ. ಬಿಟ್‌ನಿಂದ ನಾಲ್ಕು ಬದಿಗೂ ಎಷ್ಟು ದೂರ ಅಂತ ಅಡಿಪಟ್ಟಿಯಲ್ಲಿ ಅಳೆಯಿರಿ. ಮುಂದೆಯೂ ಅಳೆಯಿರಿ, ಹಿಂದೆಯೂ ಅಳೆಯಿರಿ. ಎಲ್ಲಿ ಹೆಚ್ಚಿದೆಯೋ ಅಲ್ಲಿ ಹೆರೆಯಿರಿ. ನಾಲ್ಕೂ ಕಡೆ ಸಮ ಆಗುವ ತನಕ ಹೆರೆಯಿರಿ. ಬೇಸರ ಮಾಡಬೇಡಿ. ಇಡೀ ಕೆಲಸದಲ್ಲಿ ಮುಖ್ಯ ಘಟ್ಟ ಇದೇ. ತೂತು ನಡುವೆ ಇಲ್ಲದಿದ್ದರೆ ಎರಡು ತುಟಿ ಎಂದೂ ಸಮ ಬರೋದಿಲ್ಲ.

ಈಗ ತಿರುಪು ಮೊಳೆ. ತುಂಡಿನ ಒಂದು ಪಕ್ಕದಲ್ಲಿ, ಹಿಂಬದಿಯಿಂದ 1 ಸೆಂಟಿಮೀಟರ್ ಒಳಗೆ, ಸಣ್ಣ ತೂತು ಮಾಡಿ. ಅದು ಬಿಟ್‌ನ ತೂತಿಗೆ ಸೇರಬೇಕು. ಅದಕ್ಕೆ ತಿರುಪು ಮೊಳೆ ಹಾಕಿ. ಬಿಗಿದರೆ ಅದು ಬಿಟ್‌ನ ಬುಡವನ್ನು ಒತ್ತಿ ಹಿಡಿಯುತ್ತದೆ. ಮೇಲ್ಬದಿಗೆ ಹಾಕಬೇಡಿ. ಯಾಕೆಂದರೆ ತುಂಡನ್ನು ಮಗುಚಬೇಕು. ಮೇಲೆ ಇದ್ದರೆ ಮಗುಚಿದಾಗ ಕೆಳಗೆ ಬಂದು ಹಲಗೆಗೆ ತಾಗುತ್ತದೆ.

ಹಲಗೆ ಕೂರಿಸುವುದು

ಸಾಣೆ ಚಕ್ರವನ್ನು ಮೇಜಿಗೆ ಬೋಲ್ಟ್ ಹಾಕಿ ಬಿಗಿದಿರಬೇಕು. ಕರೆಂಟಿನ ಚಕ್ರ ಆಗಬಹುದು. ಕೈಯಲ್ಲಿ ತಿರುಗಿಸುವ ಚಕ್ರವೂ ಆಗಬಹುದು. ಹೊಸಬರಿಗೆ ಕೈಚಕ್ರವೇ ಒಳ್ಳೆಯದು ಅಂತ ನಾವು ಹೇಳುತ್ತೇವೆ. ಒಬ್ಬರು ತಿರುಗಿಸಲಿ, ಒಬ್ಬರು ಬಿಟ್ ಹಿಡಿಯಲಿ. ವೇಗ ಕಮ್ಮಿ. ಬಿಟ್ ಸುಡೋದಿಲ್ಲ. ಕರೆಂಟು ಹೋದರೂ ಕೆಲಸ ನಿಲ್ಲೋದಿಲ್ಲ. ಚಕ್ರದ ಮುಂಬದಿ ಮೇಲಿನಿಂದ ಕೆಳಗೆ ಬರುವ ಹಾಗೆ ತಿರುಗಬೇಕು.

ಚಕ್ರದ ಮುಂದೆ ಹಲಗೆ ಇಡಿ. ಹಲಗೆಯ ಮುಂದಿನ ಅಂಚು ಚಕ್ರಕ್ಕೆ ಹತ್ತಿರ ಇರಬೇಕು. ನಡುವೆ 3 ಮಿಲಿಮೀಟರಿಗಿಂತ ಹೆಚ್ಚು ಸಂದಿ ಬೇಡ. ಸಂದಿ ದೊಡ್ಡದಾದರೆ ಬಿಟ್ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಚಕ್ರ ಸವೆದಂತೆ ಹಲಗೆಯನ್ನು ಮುಂದೆ ಸರಿಸುತ್ತಾ ಇರಿ.

ಬಿಟ್ ಚಕ್ರಕ್ಕೆ ತಾಗುವುದು ಚಕ್ರದ ಅಚ್ಚಿನ ಎತ್ತರದಲ್ಲಿ ಇರಬೇಕು. ನಮ್ಮ ತುಂಡಿನ ತೂತು 2 ಸೆಂಟಿಮೀಟರ್ ಎತ್ತರದಲ್ಲಿದೆ. ಹಾಗಾಗಿ ಹಲಗೆಯ ಮುಂದಿನ ಅಂಚು ಅಚ್ಚಿಗಿಂತ ಸುಮಾರು 2 ಸೆಂಟಿಮೀಟರ್ ಕೆಳಗೆ. ಒಮ್ಮೆ ಬಿಟ್ ಸಮೇತ ತುಂಡನ್ನು ಇಟ್ಟು ನೋಡಿ, ಹೆಚ್ಚು ಕಮ್ಮಿ ಸರಿಮಾಡಿ.

ಹಲಗೆ ಮಟ್ಟವಾಗಿ ಇರಬಾರದು. ನಮ್ಮ ಕಡೆಗೆ ಇಳಿಜಾರು ಇರಬೇಕು. 10 ಸೆಂಟಿಮೀಟರ್ ಹಿಂದಕ್ಕೆ ಬಂದರೆ ಒಂದೂ ಮುಕ್ಕಾಲು ಸೆಂಟಿಮೀಟರ್ ತಗ್ಗು. ಇದೇ 10 ಡಿಗ್ರಿ. ಈ ಇಳಿಜಾರೇ ಹಿಮ್ಮಡಿಯನ್ನು ತಗ್ಗು ಮಾಡಿಕೊಡುತ್ತದೆ. ಕೆಳಗೆ ಬೆಣೆ ಕೊಟ್ಟು, ಅಲ್ಲಾಡದ ಹಾಗೆ ಮೇಜಿಗೆ ತಿರುಪು ಹಾಕಿ.

ಇನ್ನು 60 ಡಿಗ್ರಿಯ ಗೆರೆ. 118ರ ಅರ್ಧ 59. ನಾವು 60 ಹಿಡಿಯೋಣ. ಕೋನಮಾಪಕ ಬೇಡ. ಒಂದೇ ಉದ್ದದ ಮೂರು ಕಡ್ಡಿ ಸಾಕು. ಮೂರನ್ನೂ ಸೇರಿಸಿ ತ್ರಿಕೋನ ಮಾಡಿ. ಅದರ ಪ್ರತಿ ಮೂಲೆಯೂ 60 ಡಿಗ್ರಿ. ಎರಡು ಚುಕ್ಕಿಯ ಸಂದಿಗೆ ಒಂದು ಚುಕ್ಕಿ ಇಡುವ ರಂಗೋಲಿಯಲ್ಲಿ ನಾವು ದಿನಾ ಹಾಕುವ ತ್ರಿಕೋನ ಇದೇ.

ತ್ರಿಕೋನದ ಒಂದು ಕಡ್ಡಿಯನ್ನು ಹಲಗೆಯ ಮುಂದಿನ ಅಂಚಿಗೆ ಸೇರಿಸಿ ಇಡಿ. ತುದಿ ನಮ್ಮ ಕಡೆಗೆ ಬರಲಿ. ಈಗ ಬಲಗಡೆಯ ಕಡ್ಡಿ ಗುಂಟ ಗೆರೆ ಎಳೆಯಿರಿ. ಆ ಗೆರೆ ಹಿಂದಕ್ಕೆ ಬರುತ್ತಾ ಎಡಕ್ಕೆ ವಾಲುತ್ತದೆ. ಈ ಗೆರೆಯ ಮೇಲೆ 3 ಸೆಂಟಿಮೀಟರ್ ಉದ್ದದ ಪಟ್ಟಿ ಹೊಡೆಯಿರಿ. ಪಟ್ಟಿಯ ಎಡಗಡೆ ನಮ್ಮ ತುಂಡು ಕೂರುತ್ತದೆ. ಬಿಟ್‌ನ ಬುಡ ಎಡಕ್ಕೆ, ಮೊನೆ ಬಲಕ್ಕೆ. ಚಕ್ರ ತಳ್ಳಿದಾಗ ತುಂಡು ಬಲಕ್ಕೆ ಸರಿಯಲು ನೋಡುತ್ತದೆ. ಪಟ್ಟಿ ಅದನ್ನು ತಡೆಯುತ್ತದೆ. ಪಟ್ಟಿ ಗಿಡ್ಡ ಇರೋದು ತಿರುಪು ಮೊಳೆಗಾಗಿ. ಅದು ಪಟ್ಟಿಯ ಹಿಂದೆ ಉಳಿಯುತ್ತದೆ, ತಾಗೋದಿಲ್ಲ.

ಕೊನೆಗೆ ಮೊಳೆ. ತುಂಡು ಮುಂದೆ ಹೋಗದ ಹಾಗೆ ಹಲಗೆಗೆ ಒಂದು ಮೊಳೆ ಹೊಡೆಯಿರಿ. ತುಂಡಿನ ಮುಖ ಅದಕ್ಕೆ ತಾಗಿ ನಿಲ್ಲಬೇಕು. ಆಗ ಬಿಟ್ ತುಂಡಿನಿಂದ ಸುಮಾರು 2 ಸೆಂಟಿಮೀಟರ್ ಹೊರಗೆ ಚಾಚಿ ಚಕ್ರ ಮುಟ್ಟುವ ಹಾಗೆ ಲೆಕ್ಕ ಹಾಕಿ. ತುಂಡಿನ ಮೂಲೆ ಚಕ್ರಕ್ಕೆ ತಾಗಬಾರದು. ಮೊಳೆ 1 ಸೆಂಟಿಮೀಟರ್ ಎತ್ತರ ಇದ್ದರೆ ಸಾಕು. ಬಿಟ್‌ಗೆ ಅಡ್ಡ ಬರೋದಿಲ್ಲ.

ಚಕ್ರ ತಿರುಗಿಸುವ ಮುಂಚೆ

ಈ ಭಾಗವನ್ನು ಜೋರಾಗಿ ಓದಿ. ಗುಂಪಿನಲ್ಲಿ ಎಲ್ಲರಿಗೂ ಕೇಳಿಸಲಿ.

ಸೀರೆಯ ಸೆರಗು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ. ದುಪಟ್ಟಾ ತೆಗೆದಿಡಿ. ಜಡೆಯನ್ನು ತುರುಬು ಕಟ್ಟಿ. ಬಳೆ, ಕೈಗೆ ಕಟ್ಟಿದ ದಾರ, ಉದ್ದನೆಯ ಸರ, ಎಲ್ಲಾ ತೆಗೆಯಿರಿ. ತಾಳಿ ತೆಗೆಯಲು ಮನಸ್ಸಿಲ್ಲದವರು ರವಿಕೆಯೊಳಗೆ ಹಾಕಿ ಪಿನ್ ಮಾಡಿಕೊಳ್ಳಿ. ಕರೆಂಟಿನ ಚಕ್ರ ಒಂದು ನಿಮಿಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಸೆರಗಿನ ಒಂದು ಎಳೆ ಸಿಕ್ಕಿದರೆ ಸಾಕು. ಕೂಗುವಷ್ಟೂ ಹೊತ್ತು ಸಿಗೋದಿಲ್ಲ. ಕೈಗವಸು ಬೇಡ. ಬಟ್ಟೆ ಸುತ್ತಿ ಹಿಡಿಯುವುದೂ ಬೇಡ. ಅವೂ ಸಿಕ್ಕಿಕೊಳ್ಳುತ್ತವೆ.

ಕಣ್ಣಿಗೆ ಕನ್ನಡಕ ಬೇಕೇ ಬೇಕು. ಕೈಚಕ್ರಕ್ಕೂ ಬೇಕು. ಹಾರುವ ಕಿಡಿ ಅಂದರೆ ಕಾದ ಕಬ್ಬಿಣದ ಚೂರು. ಕಣ್ಣಿಗೆ ಬಿದ್ದರೆ ಉಜ್ಜಬಾರದು. ಶುದ್ಧ ನೀರಿನಲ್ಲಿ ತೊಳೆಯಿರಿ. ಹೋಗದಿದ್ದರೆ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ನಾಳೆ ನೋಡೋಣ ಅನ್ನಬೇಡಿ.

ಹೊಸ ಚಕ್ರ ಹಾಕುವ ಮುಂಚೆ ಬಡಿದು ನೋಡಬೇಕು. ಕುಂಬಾರರ ಹತ್ತಿರ ಮಡಕೆ ಕೊಳ್ಳುವಾಗ ನಾವು ಬೆರಳಿನಿಂದ ಬಡಿಯುತ್ತೇವಲ್ಲ, ಹಾಗೆಯೇ. ಚಕ್ರದ ತೂತಿಗೆ ಕೋಲು ತೂರಿಸಿ ನೇತು ಹಾಕಿ. ಮರದ ಹಿಡಿಯಿಂದ ಮೆಲ್ಲಗೆ ಬಡಿಯಿರಿ. ಕಣ್ ಅಂತ ಸ್ವಚ್ಛ ದನಿ ಬಂದರೆ ಒಳ್ಳೆಯದು. ಡಬ್ ಅಂತ ಬಂದರೆ ಒಳಗೆ ಬಿರುಕು ಇದೆ. ಒಡಕು ಮಡಕೆಯಲ್ಲಿ ನೀರು ಸೋರುತ್ತದೆ, ಅಷ್ಟೇ. ಒಡಕು ಚಕ್ರ ತಿರುಗುವಾಗ ಸಿಡಿಯುತ್ತದೆ. ಅದನ್ನು ಹಾಕಲೇಬೇಡಿ.

ಚಕ್ರದ ಮೇಲೆ ಅಂಟಿಸಿದ ಚೀಟಿಯನ್ನು ಓದಿ. ಆರ್.ಪಿ.ಎಂ. ಅಂತ ಒಂದು ಸಂಖ್ಯೆ ಇರುತ್ತದೆ. ನಿಮಿಷಕ್ಕೆ ಎಷ್ಟು ಸುತ್ತು ತಡೆಯುತ್ತದೆ ಅಂತ ಅದರ ಅರ್ಥ. ಮೋಟಾರಿನ ಮೇಲೂ ಒಂದು ಸಂಖ್ಯೆ ಇದೆ. ಅದು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅಂತ. ಚಕ್ರದ ಸಂಖ್ಯೆ ಮೋಟಾರಿನ ಸಂಖ್ಯೆಗಿಂತ ಕಮ್ಮಿ ಇರಬಾರದು. ಕಮ್ಮಿ ಇದ್ದರೆ ಅಂಗಡಿಗೆ ವಾಪಸ್ ಕೊಡಿ. ಅಂಗಡಿಯವರು ನಡೆಯುತ್ತೆ ಬಿಡಮ್ಮ ಅಂದರೂ ಕೇಳಬೇಡಿ. ಓದಲು ನಮಗೆ ಬರುತ್ತದೆ.

ಚಕ್ರದ ಮೇಲಿನ ಕಬ್ಬಿಣದ ಮುಸುಕು ತೆಗೆಯಬೇಡಿ. ಕರೆಂಟಿನ ಚಕ್ರಕ್ಕೆ ಮೂರು ಕಡ್ಡಿಯ ಪ್ಲಗ್ಗೇ ಇರಲಿ. ಸ್ವಿಚ್ ಹಾಕಿದ ಮೇಲೆ ಒಂದು ನಿಮಿಷ ಪಕ್ಕಕ್ಕೆ ನಿಲ್ಲಿ. ಮರದ ಹೊಟ್ಟು, ಹುಲ್ಲು, ಬಟ್ಟೆ ಹತ್ತಿರ ಇರಬಾರದು. ಕಿಡಿಗೆ ಹೊತ್ತಿಕೊಳ್ಳುತ್ತದೆ. ಮಕ್ಕಳನ್ನು ದೂರ ಇಡಿ.

ಸಾಣೆ ಹಿಡಿಯುವುದು

ಮೊದಲು ಚಕ್ರ ನಿಂತಿರಲಿ. ತುಂಡಿಗೆ ಬಿಟ್ ತೂರಿಸಿ. ಮುಂದಿನಿಂದ ನೋಡಿದರೆ ಎರಡೂ ತುಟಿ ತುಂಡಿನ ಮೇಲ್ಬದಿಗೆ ಸಮವಾಗಿ, ಅಡ್ಡಡ್ಡ ಮಲಗಿರಬೇಕು. ಕೆಲಸಕ್ಕೆ ನಿಂತಾಗ ನಮ್ಮ ಎಡಗಡೆಗೆ ಬರುವ ತುಟಿ ಆಕಾಶ ನೋಡುತ್ತಿರಬೇಕು. ಆ ತುಟಿಯೇ ಚಕ್ರಕ್ಕೆ ತಾಗುವುದು.

ಈಗ ಒಂದು ಪೋಸ್ಟ್ ಕಾರ್ಡು ತಗೊಳ್ಳಿ. ಒಂದು ಸಲ ಮಡಿಸಿ. ತುಂಡಿಗೂ ಮೊಳೆಗೂ ನಡುವೆ ಇಡಿ. ಬಿಟ್ಟನ್ನು ಮುಂದೆ ತಳ್ಳಿ ಚಕ್ರ ಮುಟ್ಟಿಸಿ. ತಿರುಪು ಬಿಗಿಯಿರಿ. ಕಾರ್ಡು ತೆಗೆಯಿರಿ. ಆ ಕಾರ್ಡಿನ ದಪ್ಪ ಎಷ್ಟೋ ಅಷ್ಟೇ ಬಿಟ್ ಸವೆಯುತ್ತದೆ. ತುಂಡು ಮೊಳೆಗೆ ತಾಗಿದ ಕೂಡಲೇ ಸವೆಯುವುದು ತಾನೇ ನಿಲ್ಲುತ್ತದೆ.

ತುಂಡನ್ನು ಹಿಂದಕ್ಕೆ ಎಳೆದುಕೊಳ್ಳಿ. ಚಕ್ರ ತಿರುಗಿಸಿ. ತುಂಡನ್ನು ಹಲಗೆಗೂ ಪಟ್ಟಿಗೂ ಒತ್ತಿಕೊಂಡು ಮೆಲ್ಲಗೆ ಮುಂದೆ ತಳ್ಳಿ. ಒಂದೆರಡು ಕ್ಷಣ ತಾಗಿಸಿ, ಹಿಂದೆ ತನ್ನಿ. ಮತ್ತೆ ತಾಗಿಸಿ. ದೋಸೆ ಹಂಚಿಗೆ ಬೆರಳು ತಾಗಿಸಿ ನೋಡುವ ಹಾಗೆ, ಹಗುರವಾಗಿ. ಚಕ್ರದ ಮುಂಬದಿಗೆ ಮಾತ್ರ ತಾಗಿಸಿ. ಪಕ್ಕಕ್ಕೆ ತಾಗಿಸಬಾರದು.

ಹೊಸದಾಗಿ ತಾಗಿದ ಜಾಗ ಬೆಳ್ಳಗೆ ಹೊಳೆಯುತ್ತದೆ. ತುಂಡು ಮೊಳೆಗೆ ತಾಗಿತೇ? ಹಾಗಾದರೆ ಒಂದು ತುಟಿ ಆಯಿತು. ಈಗ ತುಂಡನ್ನು ಮಗುಚಿ. ತಿರುಪು ಸಡಿಲ ಮಾಡಬೇಡಿ. ಅಂಗಾತ ಮಲಗಿದ ಮಗುವನ್ನು ಬೋರಲು ತಿರುಗಿಸುತ್ತೇವಲ್ಲ, ಹಾಗೆ. ತಲೆ ಇದ್ದ ಕಡೆಯೇ ತಲೆ. ಎಡಗಡೆ ಇದ್ದ ತಿರುಪು ಮೊಳೆ ಬಲಗಡೆಗೆ ಬರುತ್ತದೆ. ಅದೇ ಗುರುತು. ಎರಡನೇ ತುಟಿಯನ್ನೂ ಹಾಗೆಯೇ ಮೊಳೆಗೆ ತಾಗುವ ತನಕ ಸವೆಸಿ. ಎರಡಕ್ಕೂ ಒಂದೇ ಮೊಳೆ, ಒಂದೇ ಪಟ್ಟಿ, ಒಂದೇ ಹಲಗೆ. ಆದ್ದರಿಂದ ಎರಡೂ ಸಮ.

ತುಟಿ ತುಂಬಾ ಮುಕ್ಕಾಗಿದ್ದರೆ ಒಂದು ಸಲಕ್ಕೆ ಸಾಲದು. ಮತ್ತೆ ಕಾರ್ಡು ಇಟ್ಟು ಬಿಟ್ ಮುಂದೆ ತಳ್ಳಿ, ಎರಡೂ ಕಡೆ ಮತ್ತೆ ಮಾಡಿ.

ಪಕ್ಕದಲ್ಲಿ ಒಂದು ಲೋಟ ನೀರು ಇರಲಿ. ಬಿಟ್ ಬೆಚ್ಚಗಾದ ಕೂಡಲೇ ಅದ್ದಿ. ಕೆಂಪಗೆ ಕಾಯುವ ತನಕ ಬಿಡಬೇಡಿ. ಬಿಟ್‌ನ ಬುಡದಲ್ಲಿ ಇಂಗ್ಲಿಷಿನಲ್ಲಿ ಎಚ್.ಎಸ್.ಎಸ್. ಅಂತ ಮೂರು ಅಕ್ಷರ ಕಂಡರೆ ಅದು ಹೆಚ್ಚು ಕಾವು ತಡೆಯುವ ಉಕ್ಕು. ಅದನ್ನೂ ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಕೂದಲೆಳೆಯ ಬಿರುಕು ಬಿಡುತ್ತದೆ. ಸಾಧಾರಣ ಉಕ್ಕಿನ ಬಿಟ್ ನೀಲಿಗೆ ತಿರುಗಿದರೆ ಅದರ ಗಡಸುತನ ಹೋಯಿತು ಅಂತ ಲೆಕ್ಕ. ಆ ನೀಲಿ ಭಾಗ ಪೂರಾ ಸವೆಸಿ ತೆಗೆಯಬೇಕು.

ಗೋಡೆ ಕೊರೆಯುವ ಬಿಟ್ ಬೇರೆ. ಅದರ ತುದಿಗೆ ಬೇರೆ ಗಟ್ಟಿ ಲೋಹದ ತುಂಡು ಬೆಸೆದಿರುತ್ತಾರೆ. ಅದಕ್ಕೆ ಹಸಿರು ಚಕ್ರ ಅಥವಾ ವಜ್ರದ ಪುಡಿಯ ಚಕ್ರ ಬೇಕು. ನಮ್ಮ ಬೂದು ಚಕ್ರಕ್ಕೆ ಅದನ್ನು ಹಿಡಿದರೆ ಚಕ್ರವೇ ಸವೆಯುತ್ತದೆ.

ಸರಿ ಆಯಿತೇ?

ಎರಡು ನಟ್ಟಿನ ಕಣಿವೆಗೆ ಮೊನೆ ಇಡಿ. ಹಿಂದೆ ಬೆಳಕು ಇರಲಿ. ಸಂದಿಯಲ್ಲಿ ಬೆಳಕು ಕಾಣಬಾರದು. ಎರಡು ತುಟಿಯ ಉದ್ದ ಅಡಿಪಟ್ಟಿಯಲ್ಲಿ ನೋಡಿ. ಆಮೇಲೆ ಬಿಟ್ಟನ್ನು ಪಕ್ಕದಿಂದ ನೋಡಿ. ತುಟಿ ಎತ್ತರ, ಹಿಮ್ಮಡಿ ತಗ್ಗು ಇರಬೇಕು.

ಈಗ ಒಂದು ಹಳೇ ಕಬ್ಬಿಣದ ಪಟ್ಟಿಯನ್ನು ಶಿಕಂಜದಲ್ಲಿ ಕಚ್ಚಿಸಿ. ಕೈಯಲ್ಲಿ ಹಿಡಿದುಕೊಂಡು ಕೊರೆಯಬೇಡಿ. ಒಂದು ತೊಟ್ಟು ಎಣ್ಣೆ ಬಿಡಿ. ನಿಧಾನವಾಗಿ ಕೊರೆಯಿರಿ. ಎರಡು ಕಾಲುವೆಯಿಂದಲೂ ಒಂದೇ ತರದ ಸುರುಳಿ ಬರುತ್ತಿದೆಯೇ? ಒತ್ತದೆ ಬಿಟ್ ಇಳಿಯುತ್ತಿದೆಯೇ? ಸಾಣೆ ಸರಿಯಾಗಿದೆ. ಒಂದು ಕಡೆಯಿಂದ ಮಾತ್ರ ಸುರುಳಿ ಬಂದರೆ ಒಂದೇ ತುಟಿ ಕೆಲಸ ಮಾಡುತ್ತಿದೆ. ತುಂಡಿನ ತೂತು ನಡುವೆ ಇದೆಯೋ ಇಲ್ಲವೋ ಮತ್ತೆ ಅಳೆಯಿರಿ. ಬಿಟ್ ಬರೀ ಉಜ್ಜಿದರೆ ಹಲಗೆಯ ಇಳಿಜಾರು ಸಾಲದು.

ಒಂದು ನೋಟು ಪುಸ್ತಕ ಇಟ್ಟುಕೊಳ್ಳಿ. ತಾರೀಖು, ಬಿಟ್‌ನ ಅಳತೆ, ಎಷ್ಟು ತೂತು ಕೊರೆದ ಮೇಲೆ ಮೊಂಡಾಯಿತು, ಇಷ್ಟು ಬರೆಯಿರಿ. ಯಾವ ಅಂಗಡಿಯ ಬಿಟ್ ಬಾಳಿಕೆ ಬರುತ್ತದೆ ಅಂತ ಆರು ತಿಂಗಳಲ್ಲಿ ಆ ಪುಸ್ತಕವೇ ಹೇಳುತ್ತದೆ. ಸಂಘದಲ್ಲಿ ಬೇರೆಯವರ ಬಿಟ್‌ಗೂ ಸಾಣೆ ಹಿಡಿದು ಕೊಡುವುದಾದರೆ ಅದರ ಲೆಕ್ಕವೂ ಅದರಲ್ಲೇ ಇರಲಿ.

ಓದಿ, ಹೇಳಿ, ಬರೆಯಿರಿ

ಬಿಟ್‌ನ ಚಿತ್ರ ಬರೆಯಿರಿ. ಮೊನೆ, ತುಟಿ, ಹಿಮ್ಮಡಿ, ಕಾಲುವೆ, ಬುಡ, ಈ ಐದು ಹೆಸರನ್ನು ಆಯಾ ಜಾಗದಲ್ಲಿ ಬರೆಯಿರಿ.

ಮೋಟಾರಿನ ಮೇಲೆ 2850 ಅಂತ ಇದೆ. ಅಂಗಡಿಯಲ್ಲಿ ಎರಡು ಚಕ್ರ ಇವೆ. ಒಂದರ ಮೇಲೆ 2400, ಇನ್ನೊಂದರ ಮೇಲೆ 3600. ಯಾವುದನ್ನು ತರಬೇಕು? ಯಾಕೆ?

ತಿರುಪು ಮೊಳೆಯನ್ನು ತುಂಡಿನ ಮೇಲ್ಬದಿಗೆ ಹಾಕಿದರೆ ಏನಾಗುತ್ತದೆ? ಪಕ್ಕದವರಿಗೆ ಹೇಳಿ ತಿಳಿಸಿ.

ನಿಮ್ಮ ಮನೆಯಲ್ಲಿರುವ ಬಿಟ್‌ಗಳನ್ನು ತನ್ನಿ. ಬುಡದ ಮೇಲೆ ಬರೆದ ಅಳತೆ ಓದಿ. ಎರಡು ನಟ್ಟಿನಲ್ಲಿ ಮೊನೆ ಇಟ್ಟು ನೋಡಿ. ಸರಿ ಇರುವವು ಎಷ್ಟು, ಸಾಣೆ ಬೇಕಾದವು ಎಷ್ಟು, ಎಣಿಸಿ ಬರೆಯಿರಿ.